ಡಾಕ್ಟರ ಚೀಟಿ ಹಿಡಿದು ಸೈಕಾಲಜಿಸ್ಟರ ಬಳಿಗೆ: ಮಂಗಳೂರು, ಉಡುಪಿಯಲ್ಲಿ ಕಡಿಮೆ ಖರ್ಚಿನ ದಾರಿ

ನಮ್ಮ ಎರಡು ಜಿಲ್ಲೆಗಳಲ್ಲಿ ಮನಸ್ಸಿನ ತೊಂದರೆಗೆ ಮಾತ್ರೆ ಸಿಗುವುದು ಕಷ್ಟವಲ್ಲ. ಮುಕ್ಕಾಲು ಗಂಟೆ ಕೂರಿಸಿ ಮಾತಾಡಿಸಿ, ವಾರ ವಾರ ಕರೆದು, ಹಂತ ಹಂತವಾಗಿ ಚಿಕಿತ್ಸೆ ಕೊಡುವವರು ಸಿಗುವುದು ಕಷ್ಟ. ಸಿಕ್ಕಿದರೂ ಖಾಸಗಿಯಲ್ಲಿ ಒಂದು ಸೆಷನ್‌ಗೆ ಸಾವಿರದ ಆಚೀಚೆ ಹೋಗುವುದುಂಟು. ಹತ್ತು ಹನ್ನೆರಡು ಸಲ ಹೋಗಬೇಕಾದ ಚಿಕಿತ್ಸೆಗೆ ಅಷ್ಟು ಹಣ ಎಲ್ಲರ ಕೈಯಲ್ಲಿ ಇರುವುದಿಲ್ಲ. ಅದೇ ಚಿಕಿತ್ಸೆ ಉಚಿತವಾಗಿಯೋ ಅಲ್ಪ ದರದಲ್ಲೋ ಸಿಗುವ ದಾರಿ ಇಲ್ಲೇ ಉಂಟು. ಆದರೆ ಆ ದಾರಿ ಡಾಕ್ಟರ ಚೀಟಿಯ, ಅಂದರೆ ರೆಫರಲ್ ಪತ್ರದ ಮೂಲಕ ಹೋಗುತ್ತದೆ, ಮತ್ತು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ತೆರೆಯುತ್ತದೆ. ಕೇಳದವರು ಮಾತ್ರೆ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ.

ಮುಂದೆ ಹೋಗುವ ಮೊದಲು ಒಂದು ಮಾತು. ಸಾಯುವ ಯೋಚನೆ ಬರುತ್ತಿದ್ದರೆ ಚೀಟಿ, ಟೋಕನ್, ಸರದಿ ಯಾವುದಕ್ಕೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಿಷ ಕುಡಿದದ್ದೋ ಕೈ ಕೊಯ್ದುಕೊಂಡದ್ದೋ ಆಗಿದ್ದರೆ 108 ಕರೆದು ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಮನೆಯಲ್ಲೇ ಇಟ್ಟುಕೊಂಡು ಕೆಟ್ಟದ್ದೇ ಹೆಚ್ಚು. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವರದಿ, ಬರೆಯುತ್ತಾರೆ ಹೌದು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಯಾರು ಯಾರು, ಯಾರಿಂದ ಏನು

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಅದೇ ವಿಷಯದಲ್ಲಿ ಹೆಚ್ಚಿನ ಓದು ಮಾಡಿದವರು. ಕಾಯಿಲೆ ಗುರುತಿಸಿ ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆಗಳನ್ನು ಮಾಡಿ ಮಾತಿನ ಚಿಕಿತ್ಸೆ, ಅಂದರೆ ಸೈಕೋಥೆರಪಿ ಕೊಡುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಎಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡಿರಬೇಕು, ಅವರಿಗೊಂದು ಸಿಆರ್‌ಆರ್ ಸಂಖ್ಯೆ ಇರುತ್ತದೆ. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್, ಎಂಬ ಹೆಸರಿಗೆ ಅಂಥ ಕಟ್ಟುಪಾಡು ಇಲ್ಲ. ಸಮಾಜಕಾರ್ಯದಲ್ಲಿ ಒಳ್ಳೆಯ ತರಬೇತಿ ಪಡೆದ ಎಂಎಸ್‌ಡಬ್ಲ್ಯು ಪದವೀಧರರೂ ಆ ಹೆಸರಿನಲ್ಲಿದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಹಣ ಕೊಟ್ಟು ಹೋಗುವುದಾದರೆ ಸಿಆರ್‌ಆರ್ ಸಂಖ್ಯೆ ಕೇಳಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಹೋಗದಿರುವುದೇ ಲೇಸು.

ರೆಫರಲ್ ಕಡ್ಡಾಯವೇ? ಅಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಚೀಟಿ ಇಲ್ಲದೆಯೂ ಹೋಗಬಹುದು. ಹಾಗಾದರೆ ಚೀಟಿ ಏಕೆ? ದೊಡ್ಡ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರ ಕೋಣೆಗೆ ಸಾಮಾನ್ಯವಾಗಿ ಮನೋವೈದ್ಯರು ಬರೆದುಕೊಟ್ಟರೆ ಮಾತ್ರ ಸರದಿ ಸಿಗುತ್ತದೆ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಯಲ್ಲಿ ಅದರ ಡಿಸ್ಪೆನ್ಸರಿಯವರು ಬರೆಯದೆ ಮುಂದಿನ ಆಸ್ಪತ್ರೆ ನೋಡುವುದೇ ಇಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗೆ ದಾಖಲಾಗಬೇಕಾದರೆ, ತುರ್ತು ಸಂದರ್ಭ ಬಿಟ್ಟು, ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದೆಲ್ಲಕ್ಕಿಂತ ಹೆಚ್ಚಾಗಿ, ಚೀಟಿ ಇದ್ದರೆ ಹೊಸ ಜಾಗದಲ್ಲಿ ಮೊದಲಿಂದ ಕಥೆ ಹೇಳುವುದು ತಪ್ಪುತ್ತದೆ.

ಮೊದಲ ಭೇಟಿ: ಊರಿನ ಡಾಕ್ಟರಲ್ಲಿ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಸಾಕು. ಮನೆಯವರೆಲ್ಲ ಹೋಗುವ ಫ್ಯಾಮಿಲಿ ಡಾಕ್ಟರ್ ಇದ್ದರೆ ಅವರೂ ಆಗುತ್ತದೆ. ಖಾಸಗಿ ವೈದ್ಯರ ಪತ್ರ ತಂದರೂ ಜಿಲ್ಲಾ ಆಸ್ಪತ್ರೆಯಲ್ಲಿ ನೋಡುತ್ತಾರೆ. ಆಯುಷ್ಮಾನ್ ಯೋಜನೆಗೆ ಮಾತ್ರ ಸರಕಾರಿ ಚೀಟಿಯೇ ಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. "ತುಂಬಾ ಮಂಡೆಬೆಚ್ಚ ಡಾಕ್ಟ್ರೇ, ಸುಸ್ತು" ಎಂದರೆ ಕೈಗೆ ಬರುವುದು ಬಿ ಕಾಂಪ್ಲೆಕ್ಸ್, ಜೊತೆಗೊಂದು ನಿದ್ದೆ ಮಾತ್ರೆ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಡಾಕ್ಟರಿಗೆ ಸಿಗುವುದು ಐದು ನಿಮಿಷ. ಆ ಐದು ನಿಮಿಷಕ್ಕೆ ಬೇಕಾದದ್ದನ್ನು ಮನೆಯಲ್ಲೇ ಬರೆದು ತನ್ನಿ: ಎಷ್ಟು ವಾರದಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗೆ, ತೂಕ ಇಳಿದಿದೆಯೇ, ಯಾವ ಕೆಲಸ ನಿಂತುಹೋಗಿದೆ, ಕುಡಿತ ಉಂಟೋ, ಹಿಂದೆ ಯಾವ ಮಾತ್ರೆ ತಿಂದದ್ದು, ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತೋ. ಹೇಳುವುದು ಹೀಗಿರಲಿ:

"ಡಾಕ್ಟ್ರೇ, ಎರಡು ತಿಂಗಳಾಯ್ತು, ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಅಂಗಡಿಗೆ ಹೋಗ್ಲಿಕ್ಕೆ ಮನಸ್ಸಾಗುದಿಲ್ಲ, ಹದಿನೈದು ದಿನದಿಂದ ಹೋಗಲೇ ಇಲ್ಲ. ಎದೆ ಡವಡವ ಹೇಳ್ತದೆ, ಇಸಿಜಿ ಮಾಡ್ಸಿದೆ, ಅದ್ರಲ್ಲಿ ಏನೂ ಇಲ್ಲ. ನನಗೆ ಕೌನ್ಸೆಲಿಂಗಿಗೆ ಬರ್ದು ಕೊಡ್ತೀರಾ?"

ಕೊನೆಯ ಸಾಲು ಮರೆಯಬೇಡಿ.

ಡಾಕ್ಟರು ಥೈರಾಯ್ಡಿನ ಟಿಎಸ್‌ಎಚ್, ಹಿಮೋಗ್ಲೋಬಿನ್, ಸಕ್ಕರೆ, ಕೆಲವೊಮ್ಮೆ ಬಿ12 ಪರೀಕ್ಷೆ ಹೇಳಿದರೆ ತಪ್ಪಿಸಿಕೊಳ್ಳಬೇಡಿ. ಥೈರಾಯ್ಡ್ ಕಡಿಮೆಯಾದಾಗ ಸುಸ್ತು, ಮಂಕು, ಏನೂ ಬೇಡವೆನಿಸುವುದು ಥೇಟ್ ಖಿನ್ನತೆಯ ಹಾಗೆಯೇ ಇರುತ್ತದೆ. ಹೆಚ್ಚಾದಾಗ ಎದೆಬಡಿತ, ನಡುಕ ಆತಂಕದ ಹಾಗೆ. ರಿಪೋರ್ಟ್ ಕೈಯಲ್ಲಿದ್ದರೆ ಮುಂದಿನ ಡಾಕ್ಟರು ಅದಕ್ಕಾಗಿಯೇ ಮತ್ತೊಮ್ಮೆ ಕಳುಹಿಸುವುದು ತಪ್ಪುತ್ತದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟರೆ ಕಳೆದ ಎರಡು ವಾರದ್ದನ್ನೇ ನೆನೆದು ಉತ್ತರಿಸಿ. ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾಧಾರಣ ಮಟ್ಟದ ಖಿನ್ನತೆ ಇರಬಹುದೆಂದು ಲೆಕ್ಕ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಪಕ್ಕದಲ್ಲಿ ಅಮ್ಮ ಕೂತಿದ್ದಾರೆಂದು ಅಲ್ಲಿ ಸೊನ್ನೆ ಹಾಕುವವರು ತುಂಬ ಮಂದಿ. ಅವರನ್ನು ಹೊರಗೆ ಕೂರಲು ಹೇಳಿ ಎಂದು ಡಾಕ್ಟರಿಗೇ ಹೇಳಬಹುದು.

ಚೀಟಿಯಲ್ಲಿ ಏನಿರಬೇಕು? "ರೆಫರ್ಡ್ ಟು ಸೈಕಿಯಾಟ್ರಿ" ಎಂದಷ್ಟೇ ಇದ್ದರೆ ನೀವು ಹೋದಲ್ಲಿ ಮಾತ್ರೆಯ ಸಾಲಿನಲ್ಲಿ ನಿಲ್ಲುತ್ತೀರಿ. ಲಕ್ಷಣ, ಎಷ್ಟು ಕಾಲದಿಂದ, ರಕ್ತಪರೀಕ್ಷೆಯ ಫಲಿತಾಂಶ, ಈಗ ತಿನ್ನುತ್ತಿರುವ ಮಾತ್ರೆ, ಕೊನೆಯಲ್ಲಿ "ಫಾರ್ ಇವ್ಯಾಲ್ಯುಯೇಷನ್ ಆಂಡ್ ಸೈಕೋಥೆರಪಿ" ಎಂಬ ಶಬ್ದಗಳು ಇರಲಿ. ತಾರೀಕು, ಸಹಿ, ವೈದ್ಯರ ನೋಂದಣಿ ಸಂಖ್ಯೆ ಇರುವ ಸೀಲು ನೋಡಿಕೊಳ್ಳಿ. ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮೂಲ ಚೀಟಿ ಆಸ್ಪತ್ರೆಯ ಫೈಲಿಗೆ ಹೋದರೆ ವಾಪಸ್ ಬರುವುದಿಲ್ಲ.

ಎಲ್ಲಿಗೆ ಹೋಗುವುದು

ಸರಕಾರಿ ದಾರಿಯಲ್ಲಿ ಮಂಗಳೂರಿನವರಿಗೆ ಹಂಪನಕಟ್ಟೆಯ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಅಂದರೆ ಡಿಎಂಎಚ್‌ಪಿ, ಎಂಬ ವ್ಯವಸ್ಥೆಯ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ನರ್ಸ್ ಎಂಬ ಹುದ್ದೆಗಳಿವೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ ಇಡೀ ದೇಶಕ್ಕೆ ಮಾದರಿಯಾದದ್ದು. ಹುದ್ದೆ ಇದೆ ಎಂದರೆ ಅದರಲ್ಲಿ ಜನ ಇದ್ದಾರೆ ಎಂದರ್ಥವಲ್ಲ. ಸೈಕಾಲಜಿಸ್ಟರ ಜಾಗ ಖಾಲಿ ಬೀಳುವುದು ಸಾಮಾನ್ಯ. ಹೊರಡುವ ಮುನ್ನ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಈಗ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ, ಯಾವ ದಿನ ಸಿಗುತ್ತಾರೆ? ಆಸ್ಪತ್ರೆಯವರು ಫೋನ್ ಎತ್ತದಿದ್ದರೆ 14416ರಲ್ಲೇ ಕೇಳಬಹುದು. ಮೊದಲು ಮಾತಾಡುವ ಕೌನ್ಸೆಲರ್ ಅಗತ್ಯ ಕಂಡರೆ ಮೇಲಿನ ತಜ್ಞರಿಗೆ ದಾಟಿಸುತ್ತಾರೆ, ಜಿಲ್ಲೆಯ ತಂಡದ ಸಂಪರ್ಕವನ್ನೂ ಮಾಡಿಕೊಡುತ್ತಾರೆ.

ಸುಳ್ಯ, ಬೆಳ್ತಂಗಡಿ, ಕುಂದಾಪುರ, ಕಾರ್ಕಳದ ಕಡೆಯವರು ಮೊದಲ ಭೇಟಿಗೆ ಪೇಟೆಗೇ ಬರಬೇಕೆಂದಿಲ್ಲ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಮಂಗಳವಾರದ ಕ್ಲಿನಿಕ್ ಎಂದೇ ಅದು ಶುರುವಾದದ್ದು. ಎಲ್ಲ ತಾಲೂಕಿಗೂ ಎಲ್ಲ ಮಂಗಳವಾರವೂ ಬರಲಾಗುವುದಿಲ್ಲ, ಸರದಿ ಇರುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ ದಿನ ವಿಚಾರಿಸಿ. ಜಿಲ್ಲಾ ಆಸ್ಪತ್ರೆಗೆ ಮಂಗಳವಾರ ಹೋಗುವವರೂ ಮೊದಲು ಕೇಳಿಕೊಳ್ಳುವುದು ಒಳ್ಳೆಯದು, ನೀವು ನೋಡಬೇಕಾದವರು ಅಂದು ತಾಲೂಕಿನಲ್ಲಿ ಇರಬಹುದು.

ಹತ್ತರಿಂದ ಹತ್ತೊಂಬತ್ತರೊಳಗಿನ ಮಕ್ಕಳಿಗೆ ಸರಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಉಂಟು. ಪರೀಕ್ಷೆಯ ಹೆದರಿಕೆ, ಮೊಬೈಲ್ ಜಗಳ, ಶಾಲೆಗೆ ಹೋಗುವುದಿಲ್ಲವೆಂಬ ಹಟ ಇಂಥದ್ದಕ್ಕೆಲ್ಲ ಮೊದಲು ಅಲ್ಲಿಗೇ ಹೋಗಿ.

ಎರಡನೆಯ ದಾರಿ ಮೆಡಿಕಲ್ ಕಾಲೇಜುಗಳದ್ದು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವುದು ನಮ್ಮ ಕರಾವಳಿಯ ಭಾಗ್ಯವೇ ಸರಿ. ಮಣಿಪಾಲದ ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೊಯ, ಕುಂಟಿಕಾನದ ಎ.ಜೆ. ಎಲ್ಲ ಕಡೆ ಮನೋವೈದ್ಯ ವಿಭಾಗ ಉಂಟು. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮೆಡಿಕಲ್ ಕಾಲೇಜಲ್ಲದಿದ್ದರೂ ಮಾನಸಿಕ ಚಿಕಿತ್ಸೆಗೆ, ಕುಡಿತ ಬಿಡಿಸುವುದಕ್ಕೆ ಹೆಸರಾದದ್ದು. ಮೆಡಿಕಲ್ ಕಾಲೇಜಿನ ಜನರಲ್ ಒಪಿಡಿಯ, ಅಂದರೆ ಹೊರರೋಗಿ ವಿಭಾಗದ, ದರ ಖಾಸಗಿ ಕ್ಲಿನಿಕ್ಕಿನ ದರಕ್ಕಿಂತ ಬಹಳ ಕಡಿಮೆ. ಕೌಂಟರಿನಲ್ಲಿ "ಜನರಲ್ಲಾ, ಪ್ರೈವೇಟಾ" ಎಂದು ಕೇಳಿದಾಗ ಅರ್ಥವಾಗದೆ ತಲೆಯಾಡಿಸಿದರೆ ಪ್ರೈವೇಟ್ ಬಿಲ್ ಬರುತ್ತದೆ. ಮಣಿಪಾಲ್ ಆರೋಗ್ಯ ಕಾರ್ಡ್ ಇರುವವರು ಒಪಿಡಿ ರಿಯಾಯಿತಿ ಸೈಕೋಥೆರಪಿಗೂ ಅನ್ವಯವಾಗುತ್ತದೆಯೇ ಎಂದು ಬಿಲ್ಲಿಂಗ್‌ನಲ್ಲಿ ಮೊದಲೇ ಕೇಳಲಿ. ಆ ಕಾರ್ಡಿನ ನೋಂದಣಿ ವರ್ಷದಲ್ಲಿ ನಿಗದಿತ ಅವಧಿಗೆ ಮಾತ್ರ ತೆರೆದಿರುತ್ತದೆ, ಕಾಯಿಲೆ ಬಂದ ಮೇಲೆ ಮಾಡಿಸುತ್ತೇನೆ ಎಂದರೆ ಆಗಲಿಕ್ಕಿಲ್ಲ.

ಕಾಲೇಜು ಆಸ್ಪತ್ರೆಗಳಲ್ಲಿ ಸೆಷನ್ ತೆಗೆದುಕೊಳ್ಳುವವರು ತರಬೇತಿಯಲ್ಲಿರುವವರೂ ಆಗಿರಬಹುದು. ಬೇಸರ ಮಾಡಿಕೊಳ್ಳಬೇಡಿ. ಹಿರಿಯರ ಮೇಲ್ವಿಚಾರಣೆಯಲ್ಲಿ, ಪ್ರತಿ ಸೆಷನ್‌ನ ಟಿಪ್ಪಣಿ ಬರೆದು, ನಿಮಗಾಗಿ ಪೂರ್ತಿ ಗಂಟೆ ಇಡುವವರು ಅವರೇ. ಅವರ ಒಂದೇ ತೊಂದರೆ ಪೋಸ್ಟಿಂಗ್ ಬದಲಾಗುವುದು. ಆರನೇ ಸೆಷನ್‌ಗೆ ಹೋದಾಗ ಹೊಸ ಮುಖ ಕಂಡು ಚಿಕಿತ್ಸೆಯನ್ನೇ ಬಿಟ್ಟವರು ಬೇಕಾದಷ್ಟು ಮಂದಿ. ಮೊದಲ ದಿನವೇ ಕೇಳಿ: "ನೀವು ಇಲ್ಲಿ ಎಷ್ಟು ಸಮಯ ಇರ್ತೀರಿ? ಬದಲಾಗುದಾದ್ರೆ ಯಾರಿಗೆ ಕೊಟ್ಟು ಹೋಗ್ತೀರಿ?"

ಆಸ್ಪತ್ರೆಯಲ್ಲಿ ಆ ದಿನ

ಬೆಳಗ್ಗೆಯೇ ಹೋಗಿ. ಆಧಾರ್, ರೇಷನ್ ಕಾರ್ಡ್, ಚೀಟಿ, ರಿಪೋರ್ಟು, ಈಗ ತಿನ್ನುವ ಮಾತ್ರೆಯ ಸ್ಟ್ರಿಪ್ ಒಂದು ಲಕೋಟೆಯಲ್ಲಿರಲಿ. ಆಧಾರ್‌ನಲ್ಲಿ ಒಂದು ಇನಿಶಿಯಲ್, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಒಪಿಡಿಗೆ ತೊಂದರೆಯಿಲ್ಲ, ಯೋಜನೆಯ ಕೌಂಟರಿನಲ್ಲಿ ಮಾತ್ರ ತಡೆಯುತ್ತಾರೆ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಬಡತನದ ರೇಖೆಯ ಕೆಳಗಿರುವವರಿಗೆ ಸರಕಾರಿ ಸಂಸ್ಥೆಗಳಲ್ಲಿ ಮಾನಸಿಕ ಚಿಕಿತ್ಸೆ ಉಚಿತವಾಗಿ ಸಿಗಬೇಕು ಎಂದು 2017ರ ಕಾಯ್ದೆಯ 18ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ.

ಮೊದಲ ದಿನ ಮನೋವೈದ್ಯರು ನೋಡುತ್ತಾರೆ, ಸೈಕಾಲಜಿಸ್ಟರ ಸೆಷನ್ ಅಂದೇ ಆಗುವುದು ಅಪರೂಪ. ಅವರು ಮಾತ್ರೆಯನ್ನಷ್ಟೇ ಬರೆದರೆ ಏಳುವ ಮೊದಲು ಕೇಳಿ: "ಇದರ ಜೊತೆಗೆ ಸೈಕೋಥೆರಪಿ ಬೇಕಾ ಡಾಕ್ಟ್ರೇ? ಬೇಕಾದ್ರೆ ಇಲ್ಲೇ ಬರ್ದು ಕೊಡಿ." ಬೇಡವೆಂದರೆ ಏಕೆಂದು ಕೇಳಿ. ತೀವ್ರ ಖಿನ್ನತೆಯಲ್ಲಿ, ಭ್ರಮೆಗಳಿದ್ದಾಗ ಮೊದಲು ಮಾತ್ರೆಯಿಂದ ತುಸು ಸುಧಾರಿಸಿ ಆಮೇಲೆ ಮಾತಿನ ಚಿಕಿತ್ಸೆ ಶುರುಮಾಡುವುದು ಸರಿಯಾದ ಕ್ರಮವೇ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕನೇ ದಿನಕ್ಕೆ "ಏನೂ ಆಗ್ಲಿಲ್ಲ" ಎಂದು ನಿಲ್ಲಿಸುವುದು ಸರಿಯಲ್ಲ.

ಬರೆದುಕೊಟ್ಟ ಮೇಲೆ ಅದೇ ಚೀಟಿಯೊಂದಿಗೆ ಸೈಕಾಲಜಿ ಕೋಣೆಗೆ ಹೋಗಿ, ದಿನ ಮತ್ತು ಗಂಟೆ ಬರೆಸಿಕೊಂಡೇ ಹೊರಬನ್ನಿ. ಬೆಳಗ್ಗಿನ ರಶ್ಶು ಮುಗಿದ ಮೇಲಿನ ಹೊತ್ತು ಕೇಳಿದರೆ ಮಾತು ಅರ್ಧಕ್ಕೆ ನಿಲ್ಲುವುದು ಕಡಿಮೆ. ಭಾಷೆಯ ವಿಷಯವನ್ನೂ ಅಲ್ಲೇ ಹೇಳಿ. ಕೇರಳದಿಂದ, ಉತ್ತರದಿಂದ ಬಂದು ಇಲ್ಲಿ ಕಲಿಯುವವರು ಬಹಳ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಅಜ್ಜಿಗೆ ಇಂಗ್ಲಿಷ್ ಬೆರೆತ ಕನ್ನಡದಲ್ಲಿ ಮನಸ್ಸು ಬಿಚ್ಚಲಾಗದು. "ತುಳು ಗೊತ್ತಿರುವವರು ಇದ್ದಾರಾ" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮನೆಯವರನ್ನೇ ದುಭಾಷಿಯಾಗಿ ಕೂರಿಸಿದರೆ ಅರ್ಧ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ.

ಮೊದಲ ಒಂದೆರಡು ಸೆಷನ್ ಬರೀ ವಿಚಾರಣೆಯಲ್ಲೇ ಹೋಗುತ್ತದೆ. ಎರಡನೆಯದರ ಕೊನೆಗೆ ಗುರಿ ಏನು, ಅಂದಾಜು ಎಷ್ಟು ಸೆಷನ್ ಎಂದು ಕೇಳಿ ತಿಳಿದುಕೊಳ್ಳಿ. ಆತಂಕ, ಖಿನ್ನತೆಗೆ ಕೊಡುವ ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 12ರಿಂದ 20 ಸೆಷನ್. ಮನೆಯಲ್ಲಿ ಮಾಡಲಿಕ್ಕೆ ಅಭ್ಯಾಸ ಕೊಡುತ್ತಾರೆ. ಅದನ್ನು ಮಾಡದೆ ಬರೀ ಮಾತಾಡಿ ಹೋದರೆ ಗುಣ ಕಾಣುವುದು ನಿಧಾನ. ಆಟಿಯ ಮಳೆಯಲ್ಲಿ ಘಟ್ಟದ ಬುಡದ ಊರುಗಳಿಂದ ಬರುವವರು ಎರಡು ಸಲ ತಪ್ಪಿಸಿಕೊಂಡು ಮೂರನೇ ಸಲ ಮುಜುಗರದಿಂದಲೇ ಹೋಗುವುದಿಲ್ಲ. ಜೂನ್ ಬರುವ ಮೊದಲೇ, ಬರಲಾಗದ ದಿನ ಫೋನಿನಲ್ಲೋ ವಿಡಿಯೋದಲ್ಲೋ ಮಾಡಬಹುದೇ ಎಂದು ಮಾತಾಡಿಕೊಂಡಿರಿ.

ಪ್ರಶ್ನೆ ಇಡಿಸಿದ್ದು, ನೂಲು ಕಟ್ಟಿಸಿದ್ದು, ದರ್ಶನದಲ್ಲಿ ನುಡಿ ಕೇಳಿದ್ದು ಇದ್ದರೆ ಅದನ್ನೂ ಹೇಳಿ. ಇಲ್ಲಿನ ಡಾಕ್ಟರುಗಳಿಗೆ ಅದು ಹೊಸತಲ್ಲ. ಹರಕೆ ತೀರಿಸುವುದಕ್ಕೂ ಮಾತ್ರೆ ತಿನ್ನುವುದಕ್ಕೂ ಜಗಳವಿಲ್ಲ. ವ್ರತವೆಂದು ಮಾತ್ರೆ ನಿಲ್ಲಿಸುವುದಾದರೆ ಮಾತ್ರ ಮೊದಲು ಡಾಕ್ಟರಿಗೆ ತಿಳಿಸಬೇಕು.

ಹಣದ ಬೇರೆ ದಾರಿಗಳು

ಗೇರುಬೀಜದ ಕಾರ್ಖಾನೆ, ಬಟ್ಟೆ ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರು ಸಂಬಳದ ಚೀಟಿ ನೋಡಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದಲ್ಲಿ ಶೇ. 0.75 ಇಎಸ್‌ಐಗೆ ಕಡಿತವಾಗುತ್ತಿದ್ದರೆ ನಿಮಗೂ ಮನೆಯವರಿಗೂ ಚಿಕಿತ್ಸೆ ಅದರಲ್ಲೇ ಸಿಗುತ್ತದೆ. ನಿಮ್ಮ ಹೆಸರಿಗಿರುವ ಡಿಸ್ಪೆನ್ಸರಿಗೆ ಹೋಗಿ ಅಲ್ಲಿಂದ ರೆಫರಲ್ ತೆಗೆದುಕೊಳ್ಳಿ. ಮಂಗಳೂರಿನ ಇಎಸ್‌ಐ ಆಸ್ಪತ್ರೆ ಶಿವಬಾಗ್‌ನಲ್ಲಿದೆ. ಡಾಕ್ಟರು ರಜೆ ಬರೆದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಇದನ್ನು ಕೇಳಿ ಪಡೆಯುವವರು ತೀರಾ ಕಡಿಮೆ.

ಆಯುಷ್ಮಾನ್ ಕಾರ್ಡಿನಿಂದ ಕೌನ್ಸೆಲಿಂಗ್ ಮಾಡಿಸಬಹುದು ಎಂದು ನಂಬಿ ಬರುವವರಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂಬುದು ದಾಖಲಾಗಿ ಪಡೆಯುವ ಚಿಕಿತ್ಸೆಗೆ, ವಾರಕ್ಕೊಮ್ಮೆ ಬಂದು ಹೋಗುವ ಸೆಷನ್‌ಗೆ ಅಲ್ಲ. ಖಾಸಗಿ ಆರೋಗ್ಯ ವಿಮೆಯದ್ದೂ ಇದೇ ಕಥೆ. ಮೈಯ ಕಾಯಿಲೆಗೆ ಹೇಗೋ ಮನಸ್ಸಿನದ್ದಕ್ಕೂ ಹಾಗೆಯೇ ವಿಮೆ ಕೊಡಬೇಕೆಂದು ಅದೇ 2017ರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ ನಿಜ. ಆದರೆ ಪಾಲಿಸಿಯಲ್ಲಿ ಒಪಿಡಿ ಸೌಲಭ್ಯ ಪ್ರತ್ಯೇಕವಾಗಿ ಇಲ್ಲದಿದ್ದರೆ ಸೆಷನ್‌ನ ಹಣ ವಿಮೆಯಿಂದ ಬರುವುದಿಲ್ಲ. ಹೊಸ ಪಾಲಿಸಿ ಮಾಡಿಸುವಾಗ ಹಳೆಯ ಚಿಕಿತ್ಸೆ ಮುಚ್ಚಿಡಬೇಡಿ. ಹೇಳಿದರೆ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು, ಮುಚ್ಚಿಟ್ಟರೆ ಕ್ಲೇಮೇ ಹೋಗುತ್ತದೆ.

ಗುಟ್ಟು ಮತ್ತು ಕಾಗದಪತ್ರ

ಉಡುಪಿಯಂಥ ಊರಿನಲ್ಲಿ ಒಪಿಡಿ ಬೆಂಚಿನಲ್ಲಿ ಕೂತರೆ ಗುರ್ತದವರು ಒಬ್ಬರಾದರೂ ಸಿಗುತ್ತಾರೆ. ಅದಕ್ಕೇ ಉಡುಪಿಯವರು ಮಂಗಳೂರಿಗೂ ಮಂಗಳೂರಿನವರು ಮಣಿಪಾಲಕ್ಕೂ ಹೋಗುವುದು. ಹೋಗಲಿ, ಯಾರ ಅಡ್ಡಿಯೂ ಇಲ್ಲ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕಾದದ್ದು ಆಸ್ಪತ್ರೆಯ ಹೊಣೆ, ಇದು 2017ರ ಅದೇ ಕಾಯ್ದೆಯ 23ನೇ ಸೆಕ್ಷನ್. 18 ತುಂಬಿದವರ ಬಗ್ಗೆ ಕಾಲೇಜಿಗೋ ಕೆಲಸ ಕೊಟ್ಟವರಿಗೋ ಅವರ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ. ಜೀವಕ್ಕೆ ಅಪಾಯವಿದ್ದಾಗ ಬೇಕಾದಷ್ಟನ್ನು ಮಾತ್ರ ಸಂಬಂಧಪಟ್ಟವರಿಗೆ ತಿಳಿಸಬಹುದು. ಕಂಪನಿಗೆ ರಜೆಯ ಸರ್ಟಿಫಿಕೇಟ್ ಬೇಕಾದರೆ ಕಾಯಿಲೆಯ ಹೆಸರು ಬರೆಯದೆ "ವೈದ್ಯಕೀಯ ಕಾರಣ" ಎಂದಷ್ಟೇ ಬರೆಯಬಹುದೇ ಎಂದು ಡಾಕ್ಟರಲ್ಲಿ ಕೇಳಿ.

ಊರು ಬಿಡುವವರು ಹೊರಡುವ ಎರಡು ವಾರ ಮೊದಲೇ ಚಿಕಿತ್ಸೆಯ ಸಾರಾಂಶ ಪತ್ರ ಕೇಳಿ. ನಿಮ್ಮ ದಾಖಲೆ ನೋಡುವ ಹಕ್ಕು 25ನೇ ಸೆಕ್ಷನ್‌ನಲ್ಲಿದೆ, ಆದರೂ ಕೊನೆಯ ದಿನ ಹೋಗಿ ಕೇಳಿದರೆ ಸಹಿ ಮಾಡುವವರು ರಜೆಯಲ್ಲಿರುತ್ತಾರೆ. ದುಬೈಗೋ ದೋಹಾಕ್ಕೋ ಹೋಗುವವರು ಮಾತ್ರೆಯ ವಿಷಯದಲ್ಲಿ ಜಾಗ್ರತೆ. ನಿದ್ದೆಯ, ಆತಂಕದ ಕೆಲವು ಮಾತ್ರೆಗಳು ಗಲ್ಫ್ ದೇಶಗಳಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ, ಯುಎಇಗೆ ಒಯ್ಯಬೇಕಾದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಇಂಗ್ಲಿಷಿನಲ್ಲಿ ಬರೆದ, ಔಷಧದ ಮೂಲ ಹೆಸರಿರುವ, ಹೊಸ ತಾರೀಕಿನ ಪ್ರಿಸ್ಕ್ರಿಪ್ಷನ್ ಮತ್ತು ಮಾತ್ರೆಯ ಮೂಲ ಸ್ಟ್ರಿಪ್ ಎರಡೂ ಕೈಚೀಲದಲ್ಲೇ ಇರಲಿ.